ಗಿಡ್ಡ ಹೇಂಟೆಯ ಕಾವು: ಶಿಕಾರಿಪುರ–ಸೊರಬದ ಹಿತ್ತಿಲಲ್ಲಿ ಮರಿ ಮಾಡಿಸುವ ವಿದ್ಯೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಕೋಳಿ ಸಾಕಣೆ ಗದ್ದೆ, ತೋಟ, ಕೊಟ್ಟಿಗೆಗಳ ಕೆಲಸದ ಜೊತೆಜೊತೆಗೇ, ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಉಸ್ತುವಾರಿಯಲ್ಲಿ ನಡೆದುಬಂದಿದೆ. ಕುಮುದ್ವತಿಯ ಬಯಲಿನ ಶಿಕಾರಿಪುರದಲ್ಲಿ ಭತ್ತದ ಜೊತೆಗೆ ಮೆಕ್ಕೆಜೋಳ ಹೆಚ್ಚು. ದಂಡಾವತಿ ಮತ್ತು ವರದಾ ಹರಿಯುವ ಸೊರಬದಲ್ಲಿ ಭತ್ತ, ಅಡಿಕೆ, ಶುಂಠಿ, ಅನಾನಸುಗಳ ನಡುವೆ ಕಾಡಿನ ಅಂಚು ಹಿತ್ತಿಲವರೆಗೂ ಬರುತ್ತದೆ. ಒಂದು ತಾಲ್ಲೂಕು ಬಯಲುಸೀಮೆಯತ್ತಲೂ ಇನ್ನೊಂದು ಮಲೆನಾಡಿನತ್ತಲೂ ವಾಲಿಕೊಂಡಿರುವ ಈ ಅರೆಮಲೆನಾಡಿನಲ್ಲಿ, ಒಕ್ಕಿದ ಕಣದಲ್ಲಿ ಉದುರಿದ ಕಾಳು, ಗೊಬ್ಬರಗುಂಡಿಯ ಹುಳು, ಅಡುಗೆಮನೆಯ ಮುಸುರೆ ಇವಿಷ್ಟನ್ನೇ ನೆಚ್ಚಿಕೊಂಡು ಬದುಕಿ, ತನ್ನ ಮೊಟ್ಟೆಗೆ ತಾನೇ ಕಾವು ಕೊಟ್ಟು, ತನ್ನ ಮರಿಗಳನ್ನು ತಾನೇ ಸಾಕಿಕೊಳ್ಳುವ ಸಣ್ಣ ಮೈಕಟ್ಟಿನ ಹೇಂಟೆಯೇ ಹಿತ್ತಿಲ ಕೋಳಿ ಸಾಕಣೆಯ ಆಧಾರ. ಹೆಚ್ಚು ಮೊಟ್ಟೆಯಿಡುವ ಸುಧಾರಿತ ತಳಿಗಳು ಊರೂರಿಗೂ ಬಂದಿರುವ ಈ ಕಾಲದಲ್ಲಿ ಈ ಗಿಡ್ಡ ಹೇಂಟೆಯ ಬೆಲೆ ಕಡಿಮೆಯಾಗಿಲ್ಲ, ಅದರ ಅಗತ್ಯ ಹೆಚ್ಚಿದೆ ಎಂಬುದನ್ನು ಅದರ ದೇಹ, ಅದರ ಕಾವು ಮತ್ತು ಅದರ ಮರಿಗಳ ಮೊದಲ ಎಂಟು ವಾರಗಳನ್ನು ಗಮನಿಸಿದರೆ ತಿಳಿಯಬಹುದು.

ಗಿಡ್ಡ ಕೋಳಿಗಳ ಕುಲ

ಸಾಮಾನ್ಯ ಕೋಳಿಗಿಂತ ಬಹಳ ಸಣ್ಣದಾದ, ಹೆಚ್ಚುಕಡಿಮೆ ಅರ್ಧದಿಂದ ಒಂದು ಕಿಲೋ ತೂಗುವ ಕೋಳಿಗಳನ್ನು ಜಗತ್ತಿನೆಲ್ಲೆಡೆ ಬ್ಯಾಂಟಮ್ ಎಂದು ಕರೆಯುತ್ತಾರೆ. ಇಂಡೊನೇಷ್ಯಾದ ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಹಡಗಿನವರು ಕೊಂಡೊಯ್ದ ಸಣ್ಣ ಕೋಳಿಗಳಿಗೆ ಸಂದ ಹೆಸರು ಅದು. ಬ್ಯಾಂಟಮ್‌ಗಳಲ್ಲಿ ಎರಡು ಬಗೆ. ದೊಡ್ಡ ಗಾತ್ರದ ತಳಿಯನ್ನೇ ಆಯ್ದು ಆಯ್ದು ಸಣ್ಣದಾಗಿಸಿದವು ಒಂದು ಬಗೆಯಾದರೆ, ದೊಡ್ಡ ಗಾತ್ರದ ರೂಪವೇ ಇಲ್ಲದೆ ಮೊದಲಿನಿಂದಲೂ ಸಣ್ಣದಾಗಿರುವ ನಿಜವಾದ ಗಿಡ್ಡ ತಳಿಗಳು ಇನ್ನೊಂದು ಬಗೆ. ಜಪಾನಿನ ಚಾಬೊ, ಅರ್ಧ ಕಿಲೋಗೂ ಕಡಿಮೆ ತೂಗುವ ಮಲೇಷ್ಯಾದ ಸೆರಾಮ ಈ ಎರಡನೆಯ ಬಗೆಗೆ ಸೇರುತ್ತವೆ. ಈಚಿನ ವರ್ಷಗಳಲ್ಲಿ ಪೇಟೆಯ ಮನೆಗಳಲ್ಲಿ ಶೋಕಿಗಾಗಿ ಸಾಕುವ ಗಿಡ್ಡ ಕೋಳಿಗಳು ಹೆಚ್ಚಾಗಿ ಇಂಥ ಹೊರನಾಡಿನ ತಳಿಗಳು ಅಥವಾ ಅವುಗಳ ಬೆರಕೆಗಳು. ಊರಿನಲ್ಲಿ ನಾಟಿ ಅಥವಾ ಜವಾರಿ ಎನ್ನಿಸಿಕೊಳ್ಳುವ ಕೋಳಿಗಳಲ್ಲಿಯೂ ಒಂದು ಒಂದೂಕಾಲು ಕಿಲೋ ದಾಟದ ಸಣ್ಣ ಹೇಂಟೆಗಳು ಬೇಕಾದಷ್ಟಿವೆ. ಅವುಗಳಿಗೆ ತಳಿಯ ಹೆಸರಿಲ್ಲದಿದ್ದರೂ ಕಾವಿಗೆ ಕೂರುವ ಗುಣದಲ್ಲಿ ಅವು ಬ್ಯಾಂಟಮ್‌ಗಳಿಗೆ ಏನೂ ಕಡಿಮೆಯಿಲ್ಲ.

ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿಯೊಂದೇ ಎಂದು ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ವಾದಿಸಿದ್ದ. ಮುಖ್ಯ ಮೂಲದ ವಿಚಾರದಲ್ಲಿ ಆ ಮಾತು ಇಂದಿಗೂ ನಿಂತಿದೆ. ಆದರೆ ಹಳದಿ ಕಾಲು, ಹಳದಿ ಚರ್ಮದ ಕೋಳಿಗಳಿಗೆ ಆ ಬಣ್ಣವನ್ನು ಕೊಟ್ಟ ವಂಶವಾಹಿ, ಅಂದರೆ ಗುಣವನ್ನು ಪೀಳಿಗೆಯಿಂದ ಪೀಳಿಗೆಗೆ ಸಾಗಿಸುವ ಜೀವಕೋಶದ ಅಂಶ, ಕೆಂಪು ಕಾಡುಕೋಳಿಯದಲ್ಲವೆಂದೂ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದೆಂದೂ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಸೊರಬದ ಕಾಡಿನಂಚಿನಲ್ಲಿ ನಸುಕಿಗೆ ಕೂಗುವ, ಕುತ್ತಿಗೆಯ ಗರಿಗಳ ಮೇಲೆ ಚುಕ್ಕೆ ಹೊತ್ತ ಕಾಡುಕೋಳಿ ಇದೇ ಬೂದು ಜಾತಿಗೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿರುವುದರಿಂದ ಅದನ್ನು ಹಿಡಿಯುವುದು, ಅದರ ಮೊಟ್ಟೆಯನ್ನು ತಂದು ಸಾಕು ಹೇಂಟೆಯ ಕಾವಿಗಿಡುವುದು ಎರಡೂ ಅಪರಾಧ.

ಗಿಡ್ಡತನವೂ ಒಂದೇ ಕಾರಣದಿಂದ ಬರುವುದಲ್ಲ. ಇಡೀ ದೇಹವೇ ಸಣ್ಣದಾಗಿರುವ ಕೋಳಿ ಒಂದು ಬಗೆ. ದೇಹ ಸಾಮಾನ್ಯವಾಗಿದ್ದು ಕಾಲು ಮಾತ್ರ ಮೋಟಾಗಿರುವುದು ಬೇರೆ ಬಗೆ. ಚಾಬೊ ತಳಿಯಲ್ಲಿರುವ ಮೋಟುಗಾಲಿನ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಆದ್ದರಿಂದ ಮೋಟುಗಾಲಿನ ಹುಂಜ ಮತ್ತು ಮೋಟುಗಾಲಿನ ಹೇಂಟೆಯನ್ನು ಜೋಡಿ ಮಾಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮೊಟ್ಟೆ ಒಡೆಯುವುದೇ ಇಲ್ಲ, ಎರಡು ಮರಿ ಮೋಟುಗಾಲಿನವಾಗುತ್ತವೆ, ಒಂದು ಸಾಮಾನ್ಯ ಕಾಲಿನದಾಗುತ್ತದೆ. ಇಂಥ ಕೋಳಿ ಸಾಕುವವರು ಒಂದು ಕಡೆ ಮೋಟುಗಾಲು, ಇನ್ನೊಂದು ಕಡೆ ಉದ್ದಗಾಲು ಇರುವಂತೆ ಜೋಡಿ ಮಾಡಿದರೆ ಈ ನಷ್ಟ ತಪ್ಪುತ್ತದೆ.

ಕಾವಿಗೆ ಕೂರುವ ಗುಣ

ಹತ್ತು ಹನ್ನೆರಡು ಮೊಟ್ಟೆಯಿಟ್ಟ ಹೇಂಟೆ ಗೂಡು ಬಿಟ್ಟು ಏಳದೆ, ಹತ್ತಿರ ಹೋದರೆ ಗರಿ ಕೆದರಿಕೊಂಡು ಕೊಕ್ಕಿನಿಂದ ಕುಟುಕಲು ಬಂದು, ರಾತ್ರಿಯೂ ಮೊಟ್ಟೆಯ ಮೇಲೆಯೇ ಉಳಿದರೆ ಅದು ಕಾವಿಗೆ ಬಂದಿದೆ ಎನ್ನುತ್ತಾರೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಒಸರುವ ಪ್ರೊಲ್ಯಾಕ್ಟಿನ್ ಎಂಬ ಚೋದಕ ರಕ್ತದಲ್ಲಿ ಹೆಚ್ಚುವುದೇ ಈ ಸ್ಥಿತಿಗೆ ಕಾರಣ. ಗೂಡಿನಲ್ಲಿ ಕಣ್ಣಿಗೆ ಬೀಳುವ ಮತ್ತು ಹೊಟ್ಟೆಗೆ ತಾಗುವ ಮೊಟ್ಟೆಗಳು ಈ ಚೋದಕವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಅಂಡಾಶಯ ಕುಗ್ಗಿ ಮೊಟ್ಟೆಯಿಡುವುದು ನಿಲ್ಲುತ್ತದೆ. ಎದೆಯಡಿಯ ಗರಿ ಉದುರಿ ಬರಿಮೈಯ ಚರ್ಮ ನೇರವಾಗಿ ಮೊಟ್ಟೆಗೆ ತಾಗುವಂತಾಗುತ್ತದೆ. ಕಾವಿನ ದಿನಗಳಲ್ಲಿ ಹೇಂಟೆ ದಿನಕ್ಕೊಮ್ಮೆ ಅಲ್ಪ ಹೊತ್ತು ಮಾತ್ರ ಎದ್ದು, ಕಾಳು ತಿಂದು ನೀರು ಕುಡಿದು ಹಿಕ್ಕೆ ಹಾಕಿ ಮರಳುವುದರಿಂದ ಅದರ ಮೈತೂಕ ಗಣನೀಯವಾಗಿ ಇಳಿಯುತ್ತದೆ.

ಕಾವಿಗೆ ಕೂತಷ್ಟು ದಿನ ಮೊಟ್ಟೆಯಿಲ್ಲವಾದ್ದರಿಂದ ಮೊಟ್ಟೆಯ ವ್ಯಾಪಾರಕ್ಕೆ ಈ ಗುಣ ನಷ್ಟ. ಹೀಗಾಗಿ ವೈಟ್ ಲೆಗಾರ್ನ್‌ನಂಥ ಮೊಟ್ಟೆ ತಳಿಗಳಲ್ಲಿ ಕಾವಿಗೆ ಕೂರದ ಹೇಂಟೆಗಳನ್ನೇ ತಲೆಮಾರುಗಟ್ಟಲೆ ಆಯ್ದುಕೊಂಡು, ಕಾವಿನ ಗುಣವನ್ನೇ ಬಹುತೇಕ ಇಲ್ಲವಾಗಿಸಲಾಯಿತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಿಲ ಸಾಕಣೆಗೆಂದೇ ರೂಪಿಸಿದ ಗಿರಿರಾಜ ಮತ್ತು 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ ತಳಿಗಳು ನಾಟಿ ಕೋಳಿಗಿಂತ ಎರಡು ಮೂರು ಪಟ್ಟು ಮೊಟ್ಟೆಯಿಡುತ್ತವೆ, ಬೇಗ ತೂಕ ಬರುತ್ತವೆ. ಆದರೆ ಕಾವಿಗೆ ಕೂರುವ ವಿಚಾರದಲ್ಲಿ ಅವನ್ನು ನೆಚ್ಚುವಂತಿಲ್ಲ. ಬೆರಕೆಯಿಂದ ರೂಪುಗೊಂಡ ತಳಿಗಳಾದ ಕಾರಣ ಅವುಗಳ ಮರಿಗಳ ಪೀಳಿಗೆಯಲ್ಲಿ ಅದೇ ಗುಣ ಒಂದೇ ಸಮನಾಗಿ ಉಳಿಯುವುದೂ ಇಲ್ಲ. ಆದ್ದರಿಂದ ಸುಧಾರಿತ ತಳಿಯನ್ನಷ್ಟೇ ಸಾಕುವ ಮನೆ ಪ್ರತಿ ಸಲವೂ ಮರಿಗಾಗಿ ಹೊರಗಿನ ಮರಿ ಕೇಂದ್ರದತ್ತ ನೋಡಬೇಕಾಗುತ್ತದೆ. ಕಾವಿಗೆ ಕೂರುವ ಒಂದು ಹೇಂಟೆ ಇರುವ ಮನೆ ತನ್ನ ಹಿಂಡನ್ನು ತಾನೇ ಬೆಳೆಸಿಕೊಳ್ಳಬಲ್ಲದು.

ಮೊಟ್ಟೆಯ ಆಯ್ಕೆ, ಬುಟ್ಟಿಯ ಸಿದ್ಧತೆ

ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿದ್ದರೆ ಮೊಟ್ಟೆ ಚೆನ್ನಾಗಿ ಫಲ ಕಟ್ಟುತ್ತದೆ. ಒಮ್ಮೆ ಕೂಡಿದ ಮೇಲೆ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಹತ್ತು ದಿನಕ್ಕೂ ಹೆಚ್ಚು ಕಾಲ ಜೀವಂತವಾಗಿ ಉಳಿಯುವುದರಿಂದ, ಹಳೆಯ ಹುಂಜವನ್ನು ಮಾರಿ ಹೊಸದನ್ನು ತಂದವರು ಮೂರು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನು ಮಾತ್ರ ಹೊಸ ಹುಂಜದ ಸಂತಾನವೆಂದು ನಂಬಬಹುದು. ಅದೇ ಹುಂಜವನ್ನು ಅದರ ಮಗಳು ಮೊಮ್ಮಗಳ ಜೊತೆ ಬಿಡುತ್ತ ಹೋದರೆ ಹತ್ತಿರದ ರಕ್ತ ಕೂಡಿ ಮೊಟ್ಟೆ ಒಡೆಯುವ ಪ್ರಮಾಣವೂ ಮರಿಯ ಕಸುವೂ ಕುಗ್ಗುತ್ತವೆ. ಒಂದೆರಡು ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರ ಮನೆಯೊಂದಿಗೆ ಹುಂಜ ಬದಲಿಸಿಕೊಳ್ಳುವುದು ಇದಕ್ಕೆ ಸುಲಭದ ಪರಿಹಾರ.

ನಾಟಿ ಹೇಂಟೆ ತನ್ನ ಹನ್ನೆರಡು ಹದಿನೈದು ಮೊಟ್ಟೆ ಮುಗಿಸಲು ಸುಮಾರು ಮೂರು ವಾರ ತೆಗೆದುಕೊಳ್ಳುವುದರಿಂದ, ಎಲ್ಲವನ್ನೂ ಒಟ್ಟಿಗೆ ಕಾವಿಗಿಟ್ಟಾಗ ಮೊದಲಿನವು ಆಗಲೇ ಹಳೆಯದಾಗಿರುತ್ತವೆ. ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ಜಾಗದಲ್ಲಿ ಭ್ರೂಣ, ಅಂದರೆ ಮೊಟ್ಟೆಯೊಳಗಿನ ಎಳೆಯ ಜೀವ, ಅರೆಬರೆ ಬೆಳೆಯತೊಡಗಿ ಬಲಗೆಡುತ್ತದೆ; ಬೇಸಿಗೆಯ ಶಿಕಾರಿಪುರದಲ್ಲಿ ಮನೆಯೊಳಗಿನ ಶಾಖವೇ ಇದಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ದಿನಾಂಕ ಬರೆದು, ಹಳೆಯವನ್ನು ಅಡುಗೆಗೆ ಬಳಸಿ, ಕೊನೆಯ ಒಂದು ವಾರದ ಮೊಟ್ಟೆಗಳನ್ನು ಮಾತ್ರ ಕಾವಿಗಿಡುವುದು ಒಳ್ಳೆಯದು; ಸಾಲದಿದ್ದರೆ ಒಂದೇ ಹೊತ್ತಿನಲ್ಲಿ ಇಡುತ್ತಿರುವ ಬೇರೆ ಹೇಂಟೆಗಳ ಹೊಸ ಮೊಟ್ಟೆಗಳನ್ನು ಸೇರಿಸಿಕೊಳ್ಳಬಹುದು. ಅಲ್ಲಿಯವರೆಗೆ ಮೊಟ್ಟೆಗಳನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಕುಡಿಕೆಯಲ್ಲಿ ಚೂಪು ತುದಿ ಕೆಳಗಾಗಿ ಇಟ್ಟರೆ ತಂಪಾಗಿರುತ್ತವೆ. ಫ್ರಿಜ್ಜಿನ ಕಡುತಂಪು ಮಾತ್ರ ಮರಿ ಮಾಡಿಸುವ ಮೊಟ್ಟೆಗೆ ಹಿತವಲ್ಲ. ಕೊಳೆಯಾದ ಮೊಟ್ಟೆಯನ್ನು ತೊಳೆಯಲೂ ಬಾರದು. ಚಿಪ್ಪಿನ ಮೇಲಿರುವ ತೆಳುಪೊರೆ ಹೋದರೆ ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ರೋಗಾಣು ಒಳಗಿಳಿಯುತ್ತದೆ.

ಬುಟ್ಟಿಯ ತಳಕ್ಕೆ ಎರಡು ಮೂರು ಬೆರಳು ದಪ್ಪ ಒಣ ಬೂದಿ ಮತ್ತು ಮಣ್ಣು ಹರಡಿ, ಅದರ ಮೇಲೆ ಮೆತ್ತಗೆ ಹೊಸಕಿದ ಭತ್ತದ ಹುಲ್ಲು ಹಾಸಿ, ನಡುವೆ ಸ್ವಲ್ಪ ತಗ್ಗಾಗಿಸಿದರೆ ಮೊಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ಅಂಚಿಗೆ ಉರುಳಿ ತಣ್ಣಗಾಗುವುದಿಲ್ಲ. ಕಾವಿನ ಹೇಂಟೆಗೆ ಹೇನು ಮತ್ತು ನುಸಿಯ ಕಾಟ ಹೆಚ್ಚಾದರೆ ಅದು ಗೂಡನ್ನೇ ಬಿಟ್ಟು ಏಳುತ್ತದೆ. ಹುಲ್ಲಿನ ನಡುವೆ ಒಣಗಿಸಿದ ಲಕ್ಕಿ ಸೊಪ್ಪು ಅಥವಾ ಬೇವಿನ ಸೊಪ್ಪು ಇಡುವುದು, ಪಕ್ಕದಲ್ಲಿ ಬೂದಿಮಣ್ಣಿನಲ್ಲಿ ಹೊರಳಾಡಲು ಜಾಗ ಬಿಡುವುದು ಹಿಂದಿನಿಂದ ಬಂದ ರೂಢಿ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುವ ನಂಬಿಕೆಯೂ ಇದೆ. ಮೊಟ್ಟೆಗೆ ಅದರಿಂದ ಲಾಭವಿಲ್ಲದಿದ್ದರೂ ಹಾನಿಯೂ ಇಲ್ಲ. ಗುಡುಗು ಮಳೆಯ ಕಾಲದಲ್ಲಿ ಮೊಟ್ಟೆ ಹೆಚ್ಚು ಕೆಡುವುದಕ್ಕೆ ಸೆಕೆ, ತೇವ ಮತ್ತು ಹಳೆಯ ಮೊಟ್ಟೆಗಳೇ ಕಾರಣವೆಂದು ತಿಳಿದರೆ ಸಾಕು. ಸಾಧಾರಣ ಗಾತ್ರದ ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆಗಳನ್ನು ಮುಚ್ಚಿಕೊಂಡು ಕೂರಬಲ್ಲದು. ಬ್ಯಾಂಟಮ್ ಹೇಂಟೆ ತನ್ನ ಮೊಟ್ಟೆಗಳಾದರೆ ಎಂಟು ಹತ್ತನ್ನೂ ದೊಡ್ಡ ತಳಿಯ ಮೊಟ್ಟೆಗಳಾದರೆ ಐದಾರನ್ನೂ ಮುಚ್ಚಬಲ್ಲದು. ಮೈಗಿಂತ ಹೆಚ್ಚು ಮೊಟ್ಟೆ ಇಟ್ಟರೆ ಹೇಂಟೆ ದಿನವೂ ಅವನ್ನು ಜಾಗ ಬದಲಿಸುವುದರಿಂದ ಸರದಿಯಂತೆ ಎಲ್ಲವೂ ತಣ್ಣಗಾಗಿ ಇಡೀ ಕಾವೇ ಕೆಡುತ್ತದೆ.

ಇಪ್ಪತ್ತೊಂದು ದಿನ

ಮೊಟ್ಟೆ ಕಾವಿಗಿಟ್ಟ ಎರಡನೆಯ ದಿನಕ್ಕೆ ಹೃದಯ ಬಡಿಯತೊಡಗುತ್ತದೆ. ಪ್ರತಿದಿನ ಒಂದೊಂದು ಮೊಟ್ಟೆಯನ್ನು ಒಡೆದು ನೋಡಿ ಒಳಗಿನ ಬೆಳವಣಿಗೆಯನ್ನು ದಾಖಲಿಸುವ ವಿಧಾನವನ್ನು ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಇಂದು ಒಡೆಯದೆಯೇ ನೋಡಬಹುದು. ಏಳನೆಯ ದಿನ ಕತ್ತಲೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದರೆ, ಫಲ ಕಟ್ಟಿದ ಮೊಟ್ಟೆಯಲ್ಲಿ ನಡುವೆ ಒಂದು ಕಪ್ಪು ಚುಕ್ಕೆ ಮತ್ತು ಅದರಿಂದ ಜೇಡನ ಕಾಲುಗಳಂತೆ ಹರಡಿದ ಕೆಂಪು ನಾಳಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿ ಹೊಳೆಯುವುದು ಗೊಡ್ಡು ಮೊಟ್ಟೆ. ನಾಳಗಳಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಆಗಲೇ ಸತ್ತಿದೆ ಎಂದರ್ಥ. ಇವನ್ನು ತೆಗೆದರೆ ಉಳಿದವಕ್ಕೆ ಕಾವು ಚೆನ್ನಾಗಿ ಸಿಗುತ್ತದೆ, ಕೊಳೆತ ಮೊಟ್ಟೆ ಬುಟ್ಟಿಯಲ್ಲಿ ಒಡೆದು ಉಳಿದವನ್ನು ಕೆಡಿಸುವುದೂ ತಪ್ಪುತ್ತದೆ.

ಹೇಂಟೆ ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುವುದರಿಂದ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುವುದಿಲ್ಲ. ಮೊಟ್ಟೆಯಿಂದ ನೀರಿನಂಶ ನಿಧಾನವಾಗಿ ಆವಿಯಾಗುತ್ತ, ಮರಿ ಹೊರಬರುವ ಹೊತ್ತಿಗೆ ಮೊಟ್ಟೆಯ ತೂಕ ನೂರಕ್ಕೆ ಹನ್ನೆರಡರಷ್ಟು ಇಳಿದು, ದಪ್ಪ ತುದಿಯ ಗಾಳಿಕೋಣೆ ಅಷ್ಟರಮಟ್ಟಿಗೆ ದೊಡ್ಡದಾಗುತ್ತದೆ. ಸಣ್ಣ ವಸ್ತುವಿಗೆ ಅದರ ಗಾತ್ರಕ್ಕೆ ಹೋಲಿಸಿದರೆ ಮೈಹರವು ಹೆಚ್ಚಾದ್ದರಿಂದ ಮೂವತ್ತು ಗ್ರಾಂನ ಬ್ಯಾಂಟಮ್ ಮೊಟ್ಟೆ ಅರವತ್ತು ಗ್ರಾಂನ ಮೊಟ್ಟೆಗಿಂತ ಬೇಗ ಬಿಸಿಯಾಗುತ್ತದೆ, ಬೇಗ ತಣಿಯುತ್ತದೆ, ಬೇಗ ಒಣಗುತ್ತದೆ. ಸಾಮಾನ್ಯ ಕೋಳಿಗೆ 21 ದಿನ ಬೇಕಾದರೆ ಬ್ಯಾಂಟಮ್ ಮರಿ 19 ಅಥವಾ 20ನೆಯ ದಿನಕ್ಕೇ ಚಿಪ್ಪು ಒಡೆಯುವುದುಂಟು. ಒಣಹವೆಯ ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಬುಟ್ಟಿಯ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸುವ ಪದ್ಧತಿ ಇರುವುದು ಮೊಟ್ಟೆ ಹೀಗೆ ಬೇಗ ಒಣಗದಿರಲೆಂದೇ. ಜಡಿಮಳೆಯ ಜುಲೈನಲ್ಲಿ ಸೊರಬದ ಕಡೆ ಅದರ ಅಗತ್ಯವಿಲ್ಲ.

ಹತ್ತೊಂಬತ್ತನೆಯ ದಿನದ ಹೊತ್ತಿಗೆ ಉಳಿದ ಹಳದಿಭಾಗ ಮರಿಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಮರುದಿನ ಮರಿ ಗಾಳಿಕೋಣೆಯ ಪೊರೆಯನ್ನು ಚುಚ್ಚಿ ಮೊದಲ ಉಸಿರೆಳೆಯುತ್ತದೆ; ಕೊಕ್ಕಿನ ತುದಿಯಲ್ಲಿ ಇದೊಂದು ಕೆಲಸಕ್ಕಾಗಿಯೇ ಬೆಳೆದಿರುವ ಗಟ್ಟಿ ಮೊನೆಯಿಂದ ಚಿಪ್ಪನ್ನು ಒಂದು ಕಡೆ ಸೀಳಿ, ಹಲವು ಗಂಟೆ ಸುಧಾರಿಸಿಕೊಂಡು, ಆಮೇಲೆ ಒಳಗೇ ಸುತ್ತ ತಿರುಗುತ್ತ ಚಿಪ್ಪಿನ ಮುಚ್ಚಳವನ್ನು ಕತ್ತರಿಸುತ್ತದೆ. ಸೀಳು ಕಂಡ ಕೂಡಲೇ ಕನಿಕರದಿಂದ ಚಿಪ್ಪು ಬಿಡಿಸಲು ಹೋಗುವುದು ತಪ್ಪು, ಏಕೆಂದರೆ ಆ ಬಿಡುವಿನಲ್ಲಿಯೇ ಪೊರೆಯ ನಾಳಗಳಲ್ಲಿನ ರಕ್ತ ಮರಿಯ ದೇಹಕ್ಕೆ ಸೇರುತ್ತದೆ. ಅವಸರ ಮಾಡಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಹೊಟ್ಟೆಯೊಳಗಿನ ಹಳದಿಭಾಗ ಎರಡು ದಿನಕ್ಕೆ ಸಾಲುವಷ್ಟು ಆಹಾರವಾದ್ದರಿಂದ ಮೊದಲು ಹೊರಬಂದ ಮರಿಗಳು ಹಸಿವಿನಿಂದ ಸಾಯುವ ಭಯವಿಲ್ಲ. ಉಳಿದವು ಒಡೆಯುವವರೆಗೆ ಅವು ತಾಯಿಯ ರೆಕ್ಕೆಯಡಿಯಲ್ಲಿ ಒಣಗುತ್ತ ಇರಬಹುದು.

ಹೇಂಟೆ ಇಲ್ಲದ ಕಡೆ ಇನ್‌ಕ್ಯುಬೇಟರ್, ಅಂದರೆ ಕಾವುಪೆಟ್ಟಿಗೆ, ಅದೇ ಕೆಲಸ ಮಾಡುತ್ತದೆ. ಪ್ರಾಚೀನ ಈಜಿಪ್ಟಿನವರು ಮಣ್ಣಿನ ಗೂಡುಗಳಿಗೆ ಬೆಂಕಿ ಹಾಕಿ ಸಾವಿರಾರು ಮೊಟ್ಟೆಗೆ ಒಟ್ಟಿಗೆ ಕಾವು ಕೊಡುತ್ತಿದ್ದರು. ಇಂದು ಥರ್ಮಾಕೋಲ್ ಪೆಟ್ಟಿಗೆ, ಬಲ್ಬು, ಫ್ಯಾನು ಮತ್ತು ತಾಪ ನಿಯಂತ್ರಕ ಸೇರಿಸಿ ಮನೆಯಲ್ಲಿಯೇ ಕಾವುಪೆಟ್ಟಿಗೆ ಮಾಡಿಕೊಳ್ಳುವವರಿದ್ದಾರೆ. ಫ್ಯಾನಿರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಶಾಖ, ಮೊದಲ ಹದಿನೆಂಟು ದಿನ ಗಾಳಿಯಲ್ಲಿ ಶೇಕಡ 50–55ರಷ್ಟು ತೇವ, ಕೊನೆಯ ಮೂರು ದಿನ ಶೇಕಡ 65–70ರಷ್ಟು ತೇವ ಇರಬೇಕು. ದಿನಕ್ಕೆ ಕನಿಷ್ಠ ಮೂರರಿಂದ ಐದು ಸಲ ಮೊಟ್ಟೆ ಹೊರಳಿಸಿ, ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಬೇಕು. ಕರೆಂಟು ಹೋದಾಗ ಪೆಟ್ಟಿಗೆ ತೆರೆಯದೆ ಕಂಬಳಿ ಹೊದಿಸಿದರೆ ಕೆಲವು ಗಂಟೆಗಳ ತಂಪನ್ನು ಮೊಟ್ಟೆಗಳು ತಾಳಿಕೊಳ್ಳುತ್ತವೆ. 40 ಡಿಗ್ರಿ ದಾಟಿದ ಶಾಖವನ್ನು ಮಾತ್ರ ತಾಳಲಾರವು. ಪೆಟ್ಟಿಗೆಯ ಮಿತಿಯೂ ಸ್ಪಷ್ಟವಿದೆ: ಅದು ಮರಿ ಮಾಡಿಕೊಡಬಲ್ಲದು, ಮರಿ ಸಾಕಲಾರದು.

ಮರಿಗಳ ಮೊದಲ ಎಂಟು ವಾರ

ಹುಟ್ಟಿದ ಮರಿಯ ತೂಕ ಮೊಟ್ಟೆಯ ತೂಕದ ಮೂರನೆಯ ಎರಡು ಭಾಗದಷ್ಟಿರುತ್ತದೆ. ಮೂವತ್ತು ಗ್ರಾಂನ ಮೊಟ್ಟೆಯಿಂದ ಬಂದದ್ದು ಇಪ್ಪತ್ತು ಗ್ರಾಂನ ಜೀವ. ಇಷ್ಟು ಸಣ್ಣ ಮೈ ತನ್ನ ಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿಯ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಕಾವುಪೆಟ್ಟಿಗೆಯ ಮರಿಗಳಿಗೆ ಇದನ್ನು ಬಲ್ಬಿನಿಂದ ಒದಗಿಸಬೇಕಾಗುತ್ತದೆ. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿಯೆಂದೂ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದೂ ತಿಳಿಯಬೇಕು. ಹೇಂಟೆಯ ರೆಕ್ಕೆಯಡಿ ಈ ಲೆಕ್ಕವೆಲ್ಲ ತಾನಾಗಿಯೇ ನಡೆಯುತ್ತದೆ. ಕೊಕ್ಕಿನಿಂದ ಕಾಳು ಎತ್ತಿ ಹಾಕಿ ತಿನ್ನುವುದನ್ನು ಕಲಿಸುವುದು, ಹದ್ದಿನ ನೆರಳು ಕಂಡ ಕೂಡಲೇ ಕೂಗಿ ಎಚ್ಚರಿಸುವುದು ಅದರ ಜೊತೆಗೆ ಸಿಗುವ ಕಾವಲು.

ಹಾಗಿದ್ದರೂ ಹುಟ್ಟಿದ ದಿನದಿಂದಲೇ ಬಯಲಿಗೆ ಬಿಟ್ಟ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಂಟು ವಾರ ತುಂಬುವುದರೊಳಗೆ ಸಾಯುವುದು ಹಿತ್ತಿಲ ಸಾಕಣೆಯಲ್ಲಿ ಅಪರೂಪವಲ್ಲ. ಹದ್ದು, ಗಿಡುಗ, ಕಾಗೆ, ಮುಂಗುಸಿ, ಕಾಡುಬೆಕ್ಕು, ಕೇರೆಹಾವು ಎತ್ತಿಕೊಂಡು ಹೋಗುವ ಮರಿಗಳು ಒಂದು ಪಾಲಾದರೆ, ಮಳೆಯಲ್ಲಿ ನೆನೆದು ಸಾಯುವವು ಇನ್ನೊಂದು ಪಾಲು. ಮೊದಲ ಮೂರು ವಾರ ತಾಯಿಮರಿಗಳನ್ನು ದೊಡ್ಡ ಕುಕ್ಕೆಯಡಿ ಅಥವಾ ಬಲೆ ಹೊಡೆದ ಗೂಡಿನಲ್ಲಿ ಉಳಿಸಿಕೊಂಡು, ಆಮೇಲೆ ಬಿಸಿಲೇರಿದ ಹೊತ್ತಿನಲ್ಲಿ ಮಾತ್ರ ಹೊರಬಿಟ್ಟರೆ ಈ ನಷ್ಟದ ಬಹುಭಾಗ ತಪ್ಪುತ್ತದೆ. ಕಾವಿಗಿಡುವ ಕಾಲವನ್ನು ಆರಿಸಿಕೊಳ್ಳುವುದೂ ಅಷ್ಟೇ ಮುಖ್ಯ: ಮುಂಗಾರಿನಲ್ಲಿ ಹುಟ್ಟಿದ ಮರಿಗೆ ಚಳಿ ತೇವಗಳ ಕಾಟವಿದ್ದರೆ, ದೀಪಾವಳಿ ಕಳೆದು ಸುಗ್ಗಿಯ ಹೊತ್ತಿಗೆ ಹುಟ್ಟಿದ ಮರಿಗೆ ಒಣನೆಲ, ಎಳೆಬಿಸಿಲು, ಕಣದ ಕಾಳು ಮೂರೂ ಸಿಗುತ್ತವೆ.

ಮರಿಯ ಆಹಾರದಲ್ಲಿ ಮೊದಲ ವಾರಗಳಲ್ಲಿ ಶೇಕಡ 20ರಷ್ಟು ಪ್ರೋಟೀನ್ ಇರಬೇಕು. ಅಕ್ಕಿನುಚ್ಚು, ತೌಡು, ಮೆಕ್ಕೆಜೋಳದ ರವೆಗಳಲ್ಲಿ ಅಷ್ಟು ಪ್ರೋಟೀನ್ ಇರುವುದಿಲ್ಲವಾದ್ದರಿಂದ ನುಚ್ಚನ್ನಷ್ಟೇ ತಿಂದ ಮರಿ ಗರಿ ಬಾರದೆ ಸೊರಗುತ್ತದೆ. ಹಳೆಯ ಮಣ್ಣಿನ ಗಡಿಗೆಯಲ್ಲಿ ಒದ್ದೆ ಹುಲ್ಲು ಮತ್ತು ಒಣ ಸಗಣಿ ತುಂಬಿ ಗೆದ್ದಲಿರುವ ನೆಲದ ಮೇಲೆ ಸಂಜೆ ಬೋರಲಾಗಿ ಕವುಚಿಟ್ಟರೆ ಬೆಳಗಾಗುವಷ್ಟರಲ್ಲಿ ಅದರ ತುಂಬ ಗೆದ್ದಲು ಸೇರಿರುತ್ತದೆ. ಮರಿಗಳಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಸತ್ವದ ಆಹಾರ ಬೇರೆಯಿಲ್ಲ. ಗೆದ್ದಲು ಸಿಗದ ಕಾಲದಲ್ಲಿ ಅಂಗಡಿಯ ಮರಿ ಆಹಾರವನ್ನೇ ಕೊಡಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಕೋಳಿಗೆ ಹಾಕಿ ಮುಗಿಸುವ ಅಭ್ಯಾಸ ಅಪಾಯಕರ. ಬೂಷ್ಟಿನಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷಕ್ಕೆ ಹತ್ತಿರದ ಸಂಖ್ಯೆಯಲ್ಲಿ ಸತ್ತ ಮೇಲೆಯೇ ಈ ವಿಷ ಜಗತ್ತಿಗೆ ಗೊತ್ತಾದದ್ದು.

ಕೊಕ್ಕರೆ ರೋಗ ಮತ್ತು ಕಾಡಿನ ದರಗು

ಬೇಟೆಪ್ರಾಣಿಗಳು ಒಂದೊಂದಾಗಿ ಒಯ್ದರೆ, ಕೊಕ್ಕರೆ ರೋಗ ಇಡೀ ಊರಿನ ಕೋಳಿಗಳನ್ನು ಒಂದೇ ವಾರದಲ್ಲಿ ಒಯ್ಯುತ್ತದೆ. ವೈರಸ್ಸಿನಿಂದ ಬರುವ ಈ ರೋಗ 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಾಗಿ, ಕೆಲವೇ ಕಾಲದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಅದಕ್ಕೆ ರಾಣಿಖೇತ್ ರೋಗವೆಂಬ ಹೆಸರು ಬಂದದ್ದು ಹಾಗೆ. ಹಸಿರು ಬೇಧಿ, ಏದುಸಿರು, ಜೋತುಬಿದ್ದ ರೆಕ್ಕೆ, ತಿರುಚಿದ ಕುತ್ತಿಗೆ ಇದರ ಲಕ್ಷಣಗಳು. ಬಂದ ಮೇಲೆ ಔಷಧವಿಲ್ಲ. ಬಾರದಂತೆ ತಡೆಯುವ ಲಸಿಕೆ ಇದೆ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಎಫ್1 ಅಥವಾ ಲಸೋಟಾ ಲಸಿಕೆ, ನಾಲ್ಕನೆಯ ವಾರದ ಸುಮಾರಿಗೆ ಮತ್ತೆ ಲಸೋಟಾ, ಎಂಟರಿಂದ ಹತ್ತನೆಯ ವಾರದಲ್ಲಿ ಆರ್2ಬಿ ಚುಚ್ಚುಮದ್ದು ಕೊಡುವುದು ರೂಢಿಯಲ್ಲಿರುವ ಕ್ರಮ. ತೊಡಕಿರುವುದು ಲಸಿಕೆಯ ಸೀಸೆಯಲ್ಲಿ: ಒಂದು ಸೀಸೆಯಲ್ಲಿ ನೂರಕ್ಕೂ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಅದನ್ನು ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವ ಮನೆಗೆ ಇದು ಒಬ್ಬಂಟಿಯಾಗಿ ಆಗದ ಕೆಲಸ, ಇಪ್ಪತ್ತು ಮನೆಗಳ ಒಂದು ಕೇರಿಗೆ ಸುಲಭದ ಕೆಲಸ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿಟ್ಟು ಆಮೇಲೆ ಹಿಂಡಿಗೆ ಸೇರಿಸುವುದು, ರೋಗದಿಂದ ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಹೂಳುವುದು ಉಳಿದ ಎರಡು ಎಚ್ಚರಗಳು.

ಈ ಸೀಮೆಗೇ ಸೇರಿದ ಮತ್ತೊಂದು ಎಚ್ಚರವಿದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗ ಆ ಕಾಡಿನ ಹೆಸರಿನಿಂದಲೇ ದಾಖಲಾಗಿದೆ. ಅದನ್ನು ಹರಡುವ ಉಣುಗುಗಳ ಎಳೆಯ ಹಂತಗಳು ಕಾಡಿನ ನೆಲದ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚಾಗಿರುತ್ತವೆ. ಅವು ಇಲಿಗಳ ಮೈಗೂ ನೆಲದಲ್ಲಿ ಮೇಯುವ ಹಕ್ಕಿಗಳ ಮೈಗೂ ಹತ್ತುತ್ತವೆ. ಮರಿ ಮಾಡಿಸಲು ತಕ್ಕ ಕಾಲವೂ ಇದೇ ತಿಂಗಳುಗಳಾದ್ದರಿಂದ, ಕಾಡಿನಂಚಿನ ಮನೆಗಳವರು ಕೋಳಿಗೂಡಿಗೂ ಕಾವಿನ ಬುಟ್ಟಿಗೂ ದರಗು ತಂದು ಹಾಸದೆ ಭತ್ತದ ಹುಲ್ಲು ಅಥವಾ ಹೊಟ್ಟನ್ನೇ ಬಳಸುವುದು, ಕೋಳಿಗಳು ಕಾಡಿನೊಳಗೆ ಮೇಯಲು ಹೋಗದಂತೆ ಹಿತ್ತಿಲಿಗೆ ಬೇಲಿ ಕಟ್ಟುವುದು ಮನೆಮಂದಿಯ ಕ್ಷೇಮಕ್ಕೂ ಒಳ್ಳೆಯದು.

ಹಿತ್ತಿಲ ಲೆಕ್ಕ

ನಾಟಿ ಹೇಂಟೆ ಮೂರು ವಾರ ಮೊಟ್ಟೆಯಿಟ್ಟು, ಮೂರು ವಾರ ಕಾವಿಗೆ ಕೂತು, ಎರಡು ಎರಡೂವರೆ ತಿಂಗಳು ಮರಿಗಳೊಂದಿಗೆ ತಿರುಗಿದರೆ ವರ್ಷಕ್ಕೆ ಮೂರು ಸುತ್ತು ಮುಗಿಯುತ್ತದೆ. ಸುತ್ತಿಗೆ ಒಂಬತ್ತು ಮರಿ ಒಡೆದವೆಂದಿಟ್ಟುಕೊಂಡರೆ ವರ್ಷಕ್ಕೆ 27 ಮರಿ. ಸುತ್ತಿಗೆ ಮೂರೇ ಉಳಿದರೆ ಮನೆಗೆ ದಕ್ಕುವುದು ಒಂಬತ್ತು. ಲಸಿಕೆ ಮತ್ತು ಮೂರು ವಾರದ ಕುಕ್ಕೆಯ ಆಸರೆಯಿಂದ ಏಳು ಉಳಿದರೆ 21. ಹೇಂಟೆ ಅದೇ, ಮೊಟ್ಟೆಗಳೂ ಅಷ್ಟೇ. ಬದಲಾದದ್ದು ಮರಿಯ ಆರೈಕೆ ಮಾತ್ರ. ಹೆಚ್ಚು ಮೊಟ್ಟೆಯಿಡುವ ತಳಿಯನ್ನು ಹುಡುಕುವ ಮೊದಲು ಹುಟ್ಟಿದ ಮರಿಯನ್ನು ಉಳಿಸಿಕೊಳ್ಳುವುದು ಲಾಭದ ಮೊದಲ ಮೆಟ್ಟಿಲು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದ ಒಟ್ಟು 85.18 ಕೋಟಿ ಕೋಳಿ ಮೊದಲಾದ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಿಲಿನವು. ಹಿಂದಿನ ಗಣತಿಗೆ ಹೋಲಿಸಿದರೆ ವಾಣಿಜ್ಯ ಫಾರ್ಮಿನ ಸಂಖ್ಯೆ ಶೇಕಡ 4.5ರಷ್ಟು ಏರಿದ್ದರೆ ಹಿತ್ತಿಲಿನದು ಶೇಕಡ 45ಕ್ಕೂ ಹೆಚ್ಚು ಏರಿತ್ತು. ಹಿತ್ತಿಲ ಸಾಕಣೆ ಹಳೆಯ ಕಾಲದ ಉಳಿಕೆಯೆಂಬ ಮಾತಿಗೆ ಈ ಅಂಕಿಗಳು ಆಸ್ಪದ ಕೊಡುವುದಿಲ್ಲ. ಬಂಡವಾಳವಿಲ್ಲದ ಮನೆಗೂ ಅದು ಎಟುಕುವಂತೆ ಮಾಡಿದ್ದು ಪಾಲಿಗೆ ಕೋಳಿ ಕೊಡುವ ಪದ್ಧತಿ: ಉಳ್ಳವರ ಮನೆಯ ಹೇಂಟೆಯನ್ನು ಇಲ್ಲದವರು ತಂದು ಕಾವಿಗೆ ಕೂರಿಸಿ, ಬದುಕಿದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳುವ ಈ ಒಪ್ಪಂದದಲ್ಲಿ ಹಣದ ಮಾತೇ ಬರುವುದಿಲ್ಲ. ಕಾವಿಗೆ ಕೂರದ ತಳಿಯಿಂದ ಇಂಥ ಒಪ್ಪಂದ ನಡೆಯದು.

ಆದ್ದರಿಂದ ಶಿಕಾರಿಪುರ, ಸೊರಬಗಳ ಹಿತ್ತಿಲುಗಳಲ್ಲಿ ಗಿರಿರಾಜ, ಸ್ವರ್ಣಧಾರಗಳು ಮೊಟ್ಟೆಗೂ ಮಾಂಸಕ್ಕೂ ಇರಲಿ. ಅವುಗಳ ಪಕ್ಕದಲ್ಲಿ ಚೆನ್ನಾಗಿ ಕಾವಿಗೆ ಕೂತು ಮರಿ ಸಾಕಿ ತೋರಿಸಿದ ಗಿಡ್ಡ ಹೇಂಟೆಯೊಂದು ಪ್ರತಿ ಮನೆಯಲ್ಲಿಯೂ ಇರಲಿ. ಹಬ್ಬಕ್ಕೋ ಜಾತ್ರೆಗೋ ನೆಂಟರಿಗೋ ಕೋಳಿ ಬೇಕಾದಾಗ ಎಳೆಯ ಹುಂಜಗಳು ಹೋಗಲಿ, ಅಂಥ ಹೇಂಟೆಯನ್ನು ಮಾರುವುದು ಬೇಡ, ಕೊಯ್ಯುವುದೂ ಬೇಡ. ಪ್ರತಿ ಕೇರಿಯ ಮಹಿಳಾ ಸ್ವಸಹಾಯ ಸಂಘವೂ ತಿಂಗಳಿಗೆ ಒಂದು ದಿನವನ್ನು ಗೊತ್ತುಮಾಡಿ, ತಾಲ್ಲೂಕಿನ ಪಶು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ, ಆ ದಿನ ಊರಿನ ಎಲ್ಲ ಮರಿಗಳಿಗೂ ಒಂದೇ ಸೀಸೆಯಿಂದ ಕೊಕ್ಕರೆ ರೋಗದ ಲಸಿಕೆ ಹಾಕಿಸಿಕೊಳ್ಳಲಿ.